ಗೊಂಬೆ ಅಂಗಡಿಗೆ ಕಾರ್ಡ್ ಮೆಷಿನ್ ಹಾಕಿಸಬೇಕು, ಯಾರ ಹತ್ತಿರ ತಗೊಳ್ಳಲಿ?

ಗೊಂಬೆಯಂಗಡಿ, ಚನ್ನಪಟ್ಟಣ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚನ್ನಪಟ್ಟಣದಲ್ಲಿ ನಮ್ಮದೊಂದು ಸಣ್ಣ ಗೊಂಬೆ ಅಂಗಡಿ. ಹಿಂದಿನ ಕೋಣೆಯಲ್ಲಿ ನಮ್ಮ ಯಜಮಾನರು ಲೇತ್ ಮುಂದೆ ಕೂರುತ್ತಾರೆ, ಮುಂದೆ ಗಲ್ಲಾಪೆಟ್ಟಿಗೆ ನನ್ನದು. ಬುಗುರಿ, ಗಿಲಕಿ, ಅಡುಗೆ ಸೆಟ್ಟು ಎಲ್ಲ ಆಲೆ ಮರದ್ದು, ಅರಗಿನ ಬಣ್ಣ. ಮಕ್ಕಳು ಕೂರುವ ದೊಡ್ಡ ಕುದುರೆಗೆ ಮಾತ್ರ ರಬ್ಬರ್ ಮರ. ಇಷ್ಟು ವರ್ಷ ನಗದು, ಆಮೇಲೆ ಸ್ಕ್ಯಾನರ್, ಅಷ್ಟರಲ್ಲೇ ನಡೆದುಕೊಂಡು ಬಂತು. ಈಗ ಕಾರ್ಡ್ ಮೆಷಿನ್ ಬೇಕೇ ಬೇಕು ಅನ್ನಿಸಿದೆ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆಯಿತಲ್ಲ, ಅಲ್ಲಿಂದ ಗಾಡಿಗಳು ಬೈಪಾಸಿನಲ್ಲೇ ಹೋಗಿಬಿಡುತ್ತವೆ. ಮೊದಲೆಲ್ಲ ಕಾಫಿಗೆ ಅಂತ ನಿಲ್ಲಿಸಿದವರು ಸುಮ್ನೆ ಒಳಗೆ ಬಂದು ಎರಡು ಬುಗುರಿ ತಗೊಂಡು ಹೋಗುತ್ತಿದ್ದರು. ಈಗ ಹಾಗೆ ಬರುವವರು ಕಡಿಮೆ. ಗೊಂಬೆ ಬೇಕು ಅಂತಲೇ ಊರೊಳಗೆ ತಿರುಗಿಸಿಕೊಂಡು ಬಂದವರನ್ನು ಬರಿಗೈಲಿ ಕಳಿಸಬಾರದು, ಅಲ್ವಾ?

ಹೋದ ತಿಂಗಳು ಒಂದು ಭಾನುವಾರ ಬೆಂಗಳೂರಿನಿಂದ ಗಂಡ ಹೆಂಡತಿ, ಜೊತೆಗೆ ಮೂರು ವರ್ಷದ ಮಗಳು ಬಂದಿದ್ದರು. ಮಗು ಕುದುರೆ ಮೇಲೆ ಕೂತದ್ದು ಇಳಿಯಲೇ ಇಲ್ಲ. ಕುದುರೆ, ಒಂದು ಅಡುಗೆ ಸೆಟ್ಟು, ನಾಲ್ಕು ಬುಗುರಿ, ಎಲ್ಲ ಸೇರಿ 6,850 ರೂ. ಸ್ಕ್ಯಾನ್ ಮಾಡಿದರೆ ಅವರ ಬ್ಯಾಂಕಿನ ಸರ್ವರ್ ಡೌನ್. ಮೂರು ಸಲ ಮಾಡಿದರು, ಮೂರು ಸಲವೂ ಫೇಲ್. ಕ್ರೆಡಿಟ್ ಕಾರ್ಡ್ ಚಾಚಿದರು. "ಕಾರ್ಡ್ ಇಲ್ಲ ಸರ್" ಅಂದೆ. ಎಟಿಎಂಗೆ ಹೋಗಿ ಬರುತ್ತೇವೆ ಎಂದು ಮಗುವನ್ನು ಎತ್ತಿಕೊಂಡು ಹೋದರು. ನಾನು ಕುದುರೆಗೆ ರಟ್ಟು ಸುತ್ತಿ, ದಾರ ಕಟ್ಟಿ, ಬಾಗಿಲ ಪಕ್ಕ ಇಟ್ಟು ಕಾದೆ. ರಾತ್ರಿ ಎಂಟೂವರೆಗೆ ಶಟರ್ ಎಳೆಯುವ ಮುಂಚೆ ಆ ದಾರ ಬಿಚ್ಚಿದೆ.

ಮಾರನೇ ದಿನದಿಂದ ಒಂದು ನೋಟ್‌ಬುಕ್ ಇಟ್ಟುಕೊಂಡು, ಕಾರ್ಡ್ ಕೇಳಿದವರನ್ನೆಲ್ಲ ಬರೆದೆ. ಒಂದು ತಿಂಗಳಲ್ಲಿ 17 ಜನ. ಅದರಲ್ಲಿ 6 ಜನ ಏನೂ ತಗೊಳ್ಳದೆ ಹೋದರು. ಮೂವರು ಹೊರದೇಶದವರು. ಎಲ್ಲರೂ ಕಾರ್ಡಿನಲ್ಲೇ ಕೊಟ್ಟಿದ್ದರೆ ತಿಂಗಳಿಗೆ ಸುಮಾರು 60,000 ರೂ. ಆಗುತ್ತಿತ್ತು. ನಮ್ಮ ವರ್ಷದ ವ್ಯಾಪಾರ 29 ಲಕ್ಷದ ಹತ್ತಿರ. ಜಿಎಸ್‌ಟಿ ನೋಂದಣಿ ಇನ್ನೂ ಇಲ್ಲ.

ವಿಚಾರಿಸಿದ ಮೇಲೆ ಮೂರು ಕಡೆಯವರು ಬಂದರು. ಒಂದು ಬ್ಯಾಂಕ್. ಅವರದು ತಿಂಗಳಿಗೆ 350 ರೂ. ಬಾಡಿಗೆ, ಕ್ರೆಡಿಟ್ ಕಾರ್ಡಿಗೆ ಬಿಲ್ಲಿನ ಮೇಲೆ 1.75 ಪರ್ಸೆಂಟ್ ಕಮಿಷನ್. ಆದರೆ ಅವರಲ್ಲೇ ಕರೆಂಟ್ ಅಕೌಂಟ್ ತೆರೆದು 25,000 ರೂ. ಯಾವಾಗಲೂ ಇಟ್ಟಿರಬೇಕು. ಎರಡನೆಯದು ಒಂದು ಖಾಸಗಿ ಕಂಪನಿ. ಮೆಷಿನ್‌ಗೆ ಒಂದೇ ಸಲ 6,000 ರೂ., ಬಾಡಿಗೆ ಇಲ್ಲ, "ಯಾವ ಕಾರ್ಡ್ ಆದರೂ 1.99, ತಲೆನೋವೇ ಇಲ್ಲ ಅಕ್ಕ" ಅಂದ ಬಂದಿದ್ದ ಹುಡುಗ. ಮೂರನೆಯದು ಮೊಬೈಲ್ ಮೇಲೇ ಕಾರ್ಡ್ ಮುಟ್ಟಿಸುವ ಆ್ಯಪ್. ಮೆಷಿನ್ ಬೇಡ, 2.3 ಪರ್ಸೆಂಟ್.

1.75 ಕಡಿಮೆ ಅಂತ ಬ್ಯಾಂಕಿನದೇ ತಗೊಳ್ಳಲಾ? ಇನ್ನೊಂದು ವಿಷಯ. ಪಕ್ಕದ ಅಂಗಡಿಯವರು ಕಾರ್ಡ್ ಕೊಟ್ಟರೆ ಗಿರಾಕಿಯಿಂದಲೇ 2 ಪರ್ಸೆಂಟ್ ಜಾಸ್ತಿ ತಗೊಳ್ಳುತ್ತಾರೆ. ನಾವೂ ಹಾಗೆ ಮಾಡಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮೊಬೈಲ್ ಅಂಗಡಿ, ಮಂಡ್ಯ

ಅಕ್ಕ, ಬಾಡಿಗೆ ಇರುವ ಮೆಷಿನ್ ಬೇಡವೇ ಬೇಡ. ಗಿರಾಕಿ ಬರಲಿ ಬಿಡಲಿ, ಒಂದನೇ ತಾರೀಕು ಬಾಡಿಗೆ ಕಟ್ ಆಗುತ್ತದೆ. ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದ್ದಾಗಲೂ ನನಗೆ ಬಾಡಿಗೆ ಹಿಡಿದಿದ್ದರು. ಮೆಷಿನ್ ದುಡ್ಡು ಕೊಟ್ಟು ತಗೊಂಡುಬಿಡಿ.

ಬೀಟೆ ಮರದ ಅಂಗಡಿ, ಮೈಸೂರು

ಅಕ್ಕ, ನೀವು ನೋಟ್‌ಬುಕ್ ಇಟ್ಟಿದ್ದು ಓದಿ ತುಂಬ ಸಂತೋಷವಾಯಿತು. ಮೆಷಿನ್ ತಗೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಅದೇ. ನಾನು ಮೈಸೂರಿನಲ್ಲಿ ಬೀಟೆ ಮರದ ಇನ್‌ಲೇ ಸಾಮಾನು ಮಾರುತ್ತೇನೆ. ಕಾರ್ಡ್ ಮೆಷಿನ್ ಇಟ್ಟು ಹನ್ನೊಂದು ವರ್ಷ ಆಯಿತು, ಈಗಿನದು ನಾಲ್ಕನೆಯದು. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಾಗಿ ಓದಿ.

ಮೊದಲು ಆ "ಯಾವ ಕಾರ್ಡ್ ಆದರೂ 1.99" ಅನ್ನುವ ಮಾತು. ಅದಕ್ಕೆ ಒಪ್ಪಬೇಡಿ. ಎಲ್ಲ ಕಾರ್ಡಿಗೂ ಒಂದೇ ದರ ಹಾಕಿದರೆ ನಷ್ಟ ನಿಮಗೆ. ರುಪೇ ಡೆಬಿಟ್ ಕಾರ್ಡಿಗೆ ಮತ್ತು ಯುಪಿಐಗೆ 2020ರ ಜನವರಿ 1ರಿಂದ ವ್ಯಾಪಾರಿಯಿಂದ ಕಮಿಷನ್ ತಗೊಳ್ಳುವಂತಿಲ್ಲ, ಸೊನ್ನೆ. ವೀಸಾ, ಮಾಸ್ಟರ್‌ಕಾರ್ಡ್ ಡೆಬಿಟ್‌ಗೆ ರಿಸರ್ವ್ ಬ್ಯಾಂಕ್ 2018ರಿಂದ ಮಿತಿ ಹಾಕಿದೆ. ಹಿಂದಿನ ವರ್ಷದ ವ್ಯಾಪಾರ 20 ಲಕ್ಷದ ಒಳಗಿದ್ದರೆ ಮೆಷಿನ್ ಮೇಲೆ 0.40 ಪರ್ಸೆಂಟ್, ಒಂದು ಬಿಲ್ಲಿಗೆ 200 ರೂ. ದಾಟಬಾರದು. 20 ಲಕ್ಷ ಮೀರಿದರೆ 0.90 ಪರ್ಸೆಂಟ್, ಬಿಲ್ಲಿಗೆ 1,000 ರೂ. ದಾಟಬಾರದು. ನಿಮ್ಮದು 29 ಲಕ್ಷ ಅಂದರೆ ನಿಮಗೆ 0.90. ಕ್ರೆಡಿಟ್ ಕಾರ್ಡಿಗೆ ಮಾತ್ರ ಇಂಥ ಮಿತಿ ಇಲ್ಲ. ಅಲ್ಲಿ ಚೌಕಾಸಿ ಮಾಡಬೇಕು.

ಆ ಕಮಿಷನ್ನಿಗೆ ಎಂಡಿಆರ್ ಅನ್ನುತ್ತಾರೆ. ಅದರಲ್ಲಿ ದೊಡ್ಡ ಪಾಲು ಹೋಗುವುದು ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಸ್ವಲ್ಪ ವೀಸಾ, ಮಾಸ್ಟರ್‌ಕಾರ್ಡಿನಂಥ ನೆಟ್‌ವರ್ಕಿಗೆ. ಉಳಿದದ್ದು ಮೆಷಿನ್ ಕೊಟ್ಟವರಿಗೆ. ನಿಮ್ಮ ಹತ್ತಿರ ಬಂದ ಹುಡುಗ ಬಿಟ್ಟುಕೊಡಲು ಆಗುವುದು ಆ ಕೊನೆಯ ಚೂರನ್ನು ಮಾತ್ರ. ಅದಕ್ಕೇ ಯಾರಾದರೂ ಕ್ರೆಡಿಟ್ ಕಾರ್ಡಿಗೆ 0.5 ಅಂತ ಹೇಳಿದರೆ, ಬಾಕಿಯನ್ನು ಬೇರೆ ಯಾವ ಹೆಸರಲ್ಲಿ ವಸೂಲಿ ಮಾಡುತ್ತೀರಿ ಅಂತ ಕೇಳಿ.

ಈಗ ನಿಮ್ಮ 60,000ವನ್ನೇ ಬಿಡಿಸೋಣ. ನಿಮ್ಮ ನೋಟ್‌ಬುಕ್ ನಾನು ನೋಡಿಲ್ಲ, ನನ್ನ ಅಂಗಡಿಯ ಅಂದಾಜಿನಲ್ಲಿ ಹೇಳುತ್ತೇನೆ. ನಮ್ಮ ದೇಶದ ಕ್ರೆಡಿಟ್ ಕಾರ್ಡ್ 30,000. ಡೆಬಿಟ್ 15,000, ಅದರಲ್ಲಿ ರುಪೇ 5,000. ಹೊರದೇಶದ ಕಾರ್ಡ್ 15,000. ಹೊರದೇಶದ ಕಾರ್ಡಿಗೆ ದರವೇ ಬೇರೆ, ಅದನ್ನು ನಿಮಗೆ ಯಾರೂ ಹೇಳಿಲ್ಲ. ಬ್ಯಾಂಕಿನವರು 3, ಕಂಪನಿಯವರು 3.5 ಅನ್ನುತ್ತಾರೆ ಅಂತ ಇಟ್ಟುಕೊಳ್ಳಿ.

ಬ್ಯಾಂಕಿನ ಲೆಕ್ಕದಲ್ಲಿ ಕ್ರೆಡಿಟ್‌ಗೆ 525, ಡೆಬಿಟ್‌ಗೆ 90, ಹೊರದೇಶದ್ದಕ್ಕೆ 450. ಒಟ್ಟು 1,065. ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 1,257. ಬಾಡಿಗೆಗೂ ಜಿಎಸ್‌ಟಿ ಇದೆ, 350 ಆಗಿದ್ದು 413 ಆಗುತ್ತದೆ. ತಿಂಗಳಿಗೆ 1,670 ರೂ.

ಕಂಪನಿಯವರು ಡೆಬಿಟ್ ದರ ಸರಿ ಮಾಡಿಕೊಟ್ಟರೆ ಕ್ರೆಡಿಟ್‌ಗೆ 597, ಡೆಬಿಟ್‌ಗೆ 90, ಹೊರದೇಶದ್ದಕ್ಕೆ 525. ಜಿಎಸ್‌ಟಿ ಸೇರಿ 1,430. ಮೆಷಿನ್ನಿನ 6,000ವನ್ನು ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 167. ಒಟ್ಟು 1,597.

ನೋಡಿ, 1.75 ಅಂದವರದೇ 73 ರೂ. ಜಾಸ್ತಿ ಬಿತ್ತು. ಕಾರ್ಡ್ ವ್ಯಾಪಾರ 20,000ಕ್ಕೆ ಇಳಿದರೆ ಬ್ಯಾಂಕಿನದು 832, ಕಂಪನಿಯದು 644. ಅದೇ 1,20,000ಕ್ಕೆ ಏರಿದರೆ ಬ್ಯಾಂಕಿನದು 2,926, ಕಂಪನಿಯದು 3,027, ಅಂದರೆ ಬ್ಯಾಂಕಿನದೇ ಅಗ್ಗ. ಮಂಡ್ಯದ ತಮ್ಮ ಹೇಳಿದ್ದು ಸಣ್ಣ ಲೆಕ್ಕಕ್ಕೆ ಸರಿ, ದೊಡ್ಡದಕ್ಕೆ ಸರಿಯಲ್ಲ. ಇದರ ಜೊತೆಗೆ ಆ 25,000. ಅದು ಖರ್ಚಲ್ಲ, ಆದರೆ ಕೈ ಕಟ್ಟಿಹಾಕಿದ ದುಡ್ಡು. ಅಷ್ಟಕ್ಕೆ ನೀವು ಮರ ತಂದು ಹಾಕಿಕೊಳ್ಳಬಹುದಲ್ಲ.

ಮೊಬೈಲ್ ಆ್ಯಪ್ ಕೈಯಾಸರೆಗೆ ಇರಲಿ. ಮುಟ್ಟಿಸಿ ಕೊಡುವಾಗ 5,000 ರೂ. ವರೆಗೆ ಪಿನ್ ಬೇಡ. ನಿಮ್ಮ ಕುದುರೆ ಬಿಲ್ಲು ಅದನ್ನು ದಾಟಿತು. ಬೇರೆಯವರ ಮೊಬೈಲ್ ಮೇಲೆ ತಮ್ಮ ಪಿನ್ ಒತ್ತಲು ಜನ ಹಿಂಜರಿಯುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ.

ಕೊನೆಗೆ ಒಂದು ಮಾತು, ಇದರಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಕೆಲವು ವರ್ಷದ ಹಿಂದೆ ಒಬ್ಬ ಹೊರದೇಶದ ಗಿರಾಕಿ ಗೋಡೆಗೆ ಹಾಕುವ ಆನೆ ಮೆರವಣಿಗೆಯ ಫಲಕ ತಗೊಂಡರು, 14,200 ರೂ. ಅವರ ಕಾರ್ಡಿಗೆ ಪಿನ್ ಕೇಳಲಿಲ್ಲ, ಚೀಟಿ ಮೇಲೆ ಸಹಿ ಹಾಕಿದರು. ಎರಡು ತಿಂಗಳಾದ ಮೇಲೆ ಮೆಷಿನ್ ಕೊಟ್ಟವರಿಂದ ಪತ್ರ ಬಂತು. ಆ ವಹಿವಾಟು ತಾನು ಮಾಡಿಲ್ಲ ಎಂದು ಕಾರ್ಡಿನವರು ತಕರಾರು ಹಾಕಿದ್ದಾರೆ, ಏಳು ದಿನದಲ್ಲಿ ಸಹಿ ಇರುವ ಚೀಟಿ ಕಳಿಸಿ ಅಂತ. ನಾನು ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ಹಾಕಿ ಕಿಟಕಿ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದೆ. ತೆಗೆದು ನೋಡಿದರೆ ಕಾಗದ ಬೆಳ್ಳಗೆ. ಬಿಸಿಲಿಗೆ ಅಕ್ಷರವೆಲ್ಲ ಹೋಗಿ, ನೀಲಿ ಪೆನ್ನಿನ ಸಹಿ ಒಂದೇ ಉಳಿದಿತ್ತು. ಯಾವ ಬಿಲ್ಲಿನ ಸಹಿ ಅಂತ ತೋರಿಸುವುದು? 14,200 ಖಾತೆಯಿಂದ ಹೋಯಿತು. ಅದು ಶಾಯಿಯಲ್ಲ ಅಕ್ಕ, ಬಿಸಿ ತಾಗಿ ಕಪ್ಪಾಗುವ ಕಾಗದ. ಬಿಸಿಲಿಗೂ ಪ್ಲಾಸ್ಟಿಕ್ಕಿಗೂ ಅದು ನಿಲ್ಲುವುದಿಲ್ಲ. ಅವತ್ತಿನಿಂದ ಪ್ರತಿ ಚೀಟಿಯದೂ ಅಲ್ಲೇ ಫೋಟೊ ತೆಗೆಯುತ್ತೇನೆ, ಜೊತೆಗೆ ನಮ್ಮ ಬಿಲ್ಲಿನದೂ. ನೀವೂ ಮೊದಲ ದಿನದಿಂದಲೇ ಹೀಗೆ ಮಾಡಿ.

ಗೊಂಬೆಯಂಗಡಿ, ಚನ್ನಪಟ್ಟಣ

ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಥ್ಯಾಂಕ್ಸ್. ನಿಮ್ಮ ಲೆಕ್ಕವನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಲೇತ್ ನಿಲ್ಲಿಸಿ ಬಂದು ಕೂತು ಇನ್ನೊಂದು ಸಲ ಓದಿಸಿದರು.

ಇವತ್ತು ಕಂಪನಿ ಹುಡುಗನಿಗೆ ಫೋನ್ ಮಾಡಿ, ರುಪೇ ಡೆಬಿಟ್‌ಗೆ ಎಷ್ಟು, ಬೇರೆ ಡೆಬಿಟ್‌ಗೆ ಎಷ್ಟು, ಹೊರದೇಶದ ಕಾರ್ಡಿಗೆ ಎಷ್ಟು, ಒಂದೊಂದನ್ನೂ ಬರೆದು ಕಳಿಸು ಅಂದೆ. ಒಂದು ಗಂಟೆ ಬಿಟ್ಟು ವಾಟ್ಸ್ಆ್ಯಪ್‌ನಲ್ಲಿ ಪಟ್ಟಿ ಬಂತು. ರುಪೇ ಡೆಬಿಟ್ ಸೊನ್ನೆ, ಬೇರೆ ಡೆಬಿಟ್ 0.90, ಹೊರದೇಶದ್ದು 3.5. ಬಾಯಲ್ಲಿ ಹೇಳಿದ್ದೇ ಬೇರೆ, ಬರೆದು ಕೊಟ್ಟಿದ್ದೇ ಬೇರೆ. ಹೊರದೇಶದ ಕಾರ್ಡ್ ತಾನಾಗಿ ನಡೆಯುವುದಿಲ್ಲವಂತೆ, ಅದಕ್ಕೆ ಬೇರೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕಂತೆ. ಕೇಳದೆ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

2 ಪರ್ಸೆಂಟ್ ಗಿರಾಕಿಯಿಂದ ತಗೊಳ್ಳುವ ವಿಷಯ ಯಾರಾದರೂ ಹೇಳಿ.

ಲೆಕ್ಕ ಬರೆಯುವವಳು, ಹಾಸನ

ಮೇಡಂ, ನಾನು ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಆ 2 ಪರ್ಸೆಂಟ್ ದಯವಿಟ್ಟು ತಗೊಳ್ಳಬೇಡಿ. ಡೆಬಿಟ್ ಕಾರ್ಡಿನಲ್ಲಿ ಎಂಡಿಆರ್ ಅನ್ನು ಗಿರಾಕಿ ಮೇಲೆ ಹಾಕದಂತೆ ನೋಡಿಕೊಳ್ಳಿ ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೇ ಹೇಳಿದೆ. ಕ್ರೆಡಿಟ್ ಕಾರ್ಡಿಗೂ ನೀವು ಸಹಿ ಹಾಕುವ ಒಪ್ಪಂದದಲ್ಲಿ ಸಾಮಾನ್ಯವಾಗಿ ಇದೇ ಷರತ್ತು ಇರುತ್ತದೆ. ಗಿರಾಕಿ ದೂರು ಕೊಟ್ಟರೆ ಮೆಷಿನ್ ವಾಪಸ್ ತಗೊಂಡು ಹೋಗಬಹುದು. ಅದಕ್ಕಿಂತ ಗೊಂಬೆಯ ಬೆಲೆ ಕಟ್ಟುವಾಗಲೇ ಈ ಖರ್ಚನ್ನು ಸೇರಿಸಿ ನೋಡಿ. ತಿಂಗಳಿಗೆ 1,600 ರೂ. ಅಂದರೆ ನಿಮ್ಮ ಒಟ್ಟು ವ್ಯಾಪಾರದಲ್ಲಿ ನೂರಕ್ಕೆ ಒಂದು ರೂಪಾಯಿಯೂ ಇಲ್ಲ. ಬಿಟ್ಟುಹೋದ ಆ ಆರು ಜನರಲ್ಲಿ ಇಬ್ಬರು ತಗೊಂಡರೂ ಅದು ಬಂದುಬಿಡುತ್ತದೆ.

ಲೆಕ್ಕ ಬರೆಯುವಾಗ ಒಂದು ತಪ್ಪನ್ನು ತುಂಬ ಜನ ಮಾಡುತ್ತಾರೆ. 10,000 ರೂ. ಕಾರ್ಡ್ ಬಿಲ್ಲಿಗೆ 2 ಪರ್ಸೆಂಟ್ ಮತ್ತು ಅದರ ಜಿಎಸ್‌ಟಿ ಅಂದರೆ 236 ರೂ. ಹಿಡಿದು ಖಾತೆಗೆ 9,764 ಬರುತ್ತದೆ. ಪುಸ್ತಕದಲ್ಲಿ 9,764 ಅಂತಲೇ ಬರೆದುಬಿಡುತ್ತಾರೆ. ವ್ಯಾಪಾರ 10,000, ಖರ್ಚು 236, ಹೀಗೆ ಎರಡು ಕಡೆ ಬರೆಯಬೇಕು. ಇಲ್ಲದಿದ್ದರೆ ಮೆಷಿನ್ನಿನ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ತಾಳೆ ಆಗುವುದಿಲ್ಲ.

ಈ ತಾಳೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. 2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆಯ ನೋಟಿಸ್ ಬಂದಿದ್ದು ನಿಮಗೆ ನೆನಪಿರಬಹುದು. ಹೂವು, ತರಕಾರಿ, ಹಾಲಿನ ಅಂಗಡಿಯವರೂ ಗಾಬರಿಯಾಗಿದ್ದರು. ನನ್ನ ಹತ್ತಿರ ಬಂದವರಲ್ಲಿ ಎಷ್ಟೋ ಜನರಿಗೆ ಯಾವ ಜಮೆ ವ್ಯಾಪಾರದ್ದು, ಯಾವುದು ಅಣ್ಣ ತಮ್ಮ ಕಳಿಸಿದ್ದು ಅಂತ ತೋರಿಸಲು ಒಂದು ಪುಸ್ತಕವೂ ಇರಲಿಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ನಗದು, ಯುಪಿಐ, ಕಾರ್ಡ್ ಮೂರೂ ಸೇರಿಸಿ ಎಣಿಸಬೇಕು. ನೀವು 29ರಲ್ಲಿ ಇದ್ದೀರಿ. ಕಾರ್ಡ್ ಬಂದು ವ್ಯಾಪಾರ ಏರಿದರೆ ಪ್ರತಿ ತಿಂಗಳು ಒಟ್ಟು ಹಾಕಿ ನೋಡಿಕೊಳ್ಳಿ. ಅಂಗಡಿಯ ಜಮೆಗೆ ಒಂದು ಖಾತೆ, ಮನೆ ವ್ಯವಹಾರಕ್ಕೆ ಇನ್ನೊಂದು. ಎರಡನ್ನೂ ಬೆರೆಸಬೇಡಿ. ನೋಂದಣಿ ಇಲ್ಲದಿರುವ ತನಕ ಕಮಿಷನ್ ಮೇಲಿನ 18 ಪರ್ಸೆಂಟ್ ನಿಮಗೆ ಖರ್ಚೇ, ವಾಪಸ್ ಸಿಗುವುದಿಲ್ಲ.

ಒಂದು ಅನುಕೂಲವೂ ಇದೆ. ಸಣ್ಣ ವ್ಯಾಪಾರಿಗಳು ಅಂದಾಜು ಲಾಭದ ಮೇಲೆ ಆದಾಯ ತೆರಿಗೆ ಕಟ್ಟುವ ಪದ್ಧತಿಯಲ್ಲಿ ನಗದು ವ್ಯಾಪಾರಕ್ಕೆ 8 ಪರ್ಸೆಂಟ್ ಲಾಭ ಅಂತ ತೋರಿಸಬೇಕು. ಬ್ಯಾಂಕ್ ಮೂಲಕ ಬಂದದ್ದಕ್ಕೆ 6 ಪರ್ಸೆಂಟ್ ಸಾಕು. ಕಾರ್ಡ್ ದುಡ್ಡೂ ಇದರಲ್ಲೇ ಬರುತ್ತದೆ.

ಹೋಂಸ್ಟೇ, ಸಕಲೇಶಪುರ

ಎಲ್ಲರೂ ಲೆಕ್ಕ ಹೇಳಿದ್ದಾರೆ, ನಾನು ಸಿಗ್ನಲ್ ವಿಷಯ ಹೇಳುತ್ತೇನೆ. ಮೆಷಿನ್ ಒಳಗೆ ಒಂದು ಸಿಮ್ ಇರುತ್ತದೆ. ಆ ಸಿಮ್ ನಿಮ್ಮ ಅಂಗಡಿಯಲ್ಲಿ ಸರಿಯಾಗಿ ಹಿಡಿಯದಿದ್ದರೆ ಎಷ್ಟು ಪರ್ಸೆಂಟ್ ಆದರೂ ಒಂದೇ. ದುಡ್ಡು ಕೊಡುವ ಮುಂಚೆ ಡೆಮೊ ಮೆಷಿನ್ ತರಿಸಿ, ನೀವು ಕೂರುವ ಜಾಗದಲ್ಲೇ ಇಟ್ಟು ನಿಮ್ಮ ಕಾರ್ಡಿನಲ್ಲೇ 10 ರೂ. ತೆಗೆದು ನೋಡಿ. ಬಾಗಿಲಲ್ಲಿ ಹಿಡಿದು ಒಳಗೆ ಹಿಡಿಯದೆ ಇದ್ದರೆ ವೈಫೈ ಹಾಕಿಕೊಳ್ಳುವಂಥ ಮೆಷಿನ್ ಕೇಳಿ. ನಮ್ಮದರಲ್ಲಿ ಮಳೆಗಾಲದಲ್ಲಿ ಗಿರಾಕಿ ಖಾತೆಯಿಂದ ದುಡ್ಡು ಹೋಗಿ, ನಮಗೆ ಚೀಟಿ ಬರದೆ ಎಷ್ಟೋ ಸಲ ಪರದಾಡಿದ್ದೇವೆ. ಅಂಥ ದುಡ್ಡು ಅವರಿಗೆ ವಾಪಸ್ ಹೋಗುತ್ತದೆ. ಆದರೆ ಎದುರಿಗೆ ನಿಂತ ಗಿರಾಕಿಗೆ ಅದನ್ನು ಹೇಳಿ ಇನ್ನೊಂದು ಸಲ ಕಾರ್ಡ್ ಕೇಳುವುದು ಕಷ್ಟ.

ಇನ್ನೊಂದು. ಭಾನುವಾರದ ದುಡ್ಡು ಯಾವಾಗ ಖಾತೆಗೆ ಬರುತ್ತದೆ ಅಂತ ಕೇಳಿ. ಸಾಮಾನ್ಯವಾಗಿ ಮಾರನೇ ದಿನ. ಕೆಲವರು ರಜೆ ದಿನ ಎಣಿಸುವುದಿಲ್ಲ. ತಕ್ಷಣ ಬೇಕು ಅಂದರೆ ಅದಕ್ಕೆ ಬೇರೆ ಚಾರ್ಜ್. ನಿಮಗೆ ವಾರದ ಕೊನೆಯಲ್ಲೇ ವ್ಯಾಪಾರ ಜಾಸ್ತಿ ಅಲ್ವಾ, ಸೋಮವಾರ ಮರದವನಿಗೆ ದುಡ್ಡು ಕೊಡಬೇಕಾದರೆ ಇದು ಮುಖ್ಯ.

ಬೀಟೆ ಮರದ ಅಂಗಡಿ, ಮೈಸೂರು

ಸಕಲೇಶಪುರದವರ ಮಾತಿಗೆ ಒಂದು ಸೇರಿಸುತ್ತೇನೆ. ದುಡ್ಡು ಸಿಕ್ಕಿಹಾಕಿಕೊಂಡು, ದೂರು ಕೊಟ್ಟರೂ 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಇಂಥ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಅದಕ್ಕೆ ಮೊದಲು ಕೊಟ್ಟ ದೂರಿನ ನಂಬರ್ ಬೇಕು, ಬರೆದಿಟ್ಟುಕೊಳ್ಳಿ.

ಮತ್ತೆ ನಿಮ್ಮ ಈಗಿನ ಸ್ಕ್ಯಾನರ್‌ನಲ್ಲಿ ರುಪೇ ಕ್ರೆಡಿಟ್ ಕಾರ್ಡ್ ನಡೆಯುತ್ತದಾ ನೋಡಿ. ಆ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡವರು ಸ್ಕ್ಯಾನ್ ಮಾಡಿಯೇ ಕೊಡಬಹುದು. ಸಣ್ಣ ವ್ಯಾಪಾರಿಗಳಿಗೆ 2,000 ರೂ. ವರೆಗೆ ಅದಕ್ಕೆ ಕಮಿಷನ್ ಇಲ್ಲ. ನಿಮ್ಮ 17 ಜನರಲ್ಲಿ ಒಬ್ಬಿಬ್ಬರು ಅಲ್ಲೇ ಮುಗಿಯಬಹುದು.

ಗೊಂಬೆಯಂಗಡಿ, ಚನ್ನಪಟ್ಟಣ

ಎಲ್ಲರಿಗೂ ಕೈ ಮುಗಿದೆ. ಮೂರು ವಾರ ಆಯಿತು, ಏನು ಮಾಡಿದೆವು ಹೇಳುತ್ತೇನೆ.

ಬ್ಯಾಂಕಿಗೆ ಹೋಗಿ 25,000 ಷರತ್ತು ಬಿಡುತ್ತೀರಾ ಕೇಳಿದೆ. 10,000ಕ್ಕೆ ಇಳಿಸುತ್ತೇವೆ ಅಂದರು. ಆದರೆ ಅವರ ಡೆಮೊ ಮೆಷಿನ್ ನಮ್ಮ ಗಲ್ಲಾದ ಹತ್ತಿರ ಎರಡು ಸಲ ಸಿಗ್ನಲ್ ಬಿಟ್ಟಿತು. ಕಂಪನಿಯ ಮೆಷಿನ್ ಅದೇ ಜಾಗದಲ್ಲಿ ಮೂರು ಸಲವೂ ನಡೆಯಿತು. ಅದೇ ತಗೊಂಡೆವು. ದರದ ಪಟ್ಟಿಯನ್ನು ಒಪ್ಪಂದದ ಹಾಳೆ ಮೇಲೇ ಬರೆಸಿ ಸಹಿ ಮಾಡಿಸಿಕೊಂಡೆ. ಹೊರದೇಶದ ಕಾರ್ಡಿಗೆ ಅರ್ಜಿ ಹಾಕಿ ಹತ್ತು ದಿನಕ್ಕೆ ಒಪ್ಪಿಗೆ ಬಂತು. ಅಂಗಡಿ ಖಾತೆಯನ್ನೂ ಬೇರೆ ಮಾಡಿದೆ.

ಮೊದಲ ಬಿಲ್ಲು ಮೈಸೂರಿಗೆ ಹೋಗುತ್ತಿದ್ದ ಒಬ್ಬ ಅಜ್ಜಿಯದು. ಮೊಮ್ಮಗನಿಗೆ ಗಿಲಕಿ, ಎಳೆಯುವ ಬಾತುಕೋಳಿ, ಒಂದು ಅಡುಗೆ ಸೆಟ್ಟು, 2,340 ರೂ. ಅವರು ಕಾರ್ಡ್ ಹಾಕಿ, ನನ್ನ ಕಡೆಗೆ ಬೆನ್ನು ತಿರುಗಿಸಿ, ಒಂದೊಂದೇ ನಂಬರ್ ನಿಧಾನವಾಗಿ ಒತ್ತಿದರು. ಯಜಮಾನರು ಒಳಗಿನಿಂದ ಕೈಯೆಲ್ಲ ಅರಗಿನ ಕೆಂಪಿನಲ್ಲೇ ಬಂದು ಚೀಟಿ ಹೊರಬರುವುದನ್ನು ನೋಡಿಕೊಂಡು ನಿಂತರು. ಫೋಟೊ ತೆಗೆದಿದ್ದೇನೆ ಅಣ್ಣ, ಚೀಟಿಯದೂ ಬಿಲ್ಲಿನದೂ. ಮೂಲ ಚೀಟಿಯನ್ನು ಕಾಗದದ ಲಕೋಟೆಗೆ ಹಾಕಿ ಬೀರುವಿನಲ್ಲಿಟ್ಟೆ.

ಮೆಷಿನ್ ಜೊತೆ ಐದು ರೋಲ್ ಕಾಗದ ಕೊಟ್ಟಿದ್ದರು, ಎರಡು ಆಗಲೇ ಮುಗಿದವು. ಇದನ್ನು ಅವರ ಹತ್ತಿರವೇ ತಗೊಳ್ಳಬೇಕಾ, ಹೊರಗೆ ಸಿಗುತ್ತದಾ?

ಬೀಟೆ ಮರದ ಅಂಗಡಿ, ಮೈಸೂರು

ಹೊರಗೇ ಸಿಗುತ್ತದೆ ಅಕ್ಕ, ಸ್ಟೇಷನರಿ ಅಂಗಡಿಯಲ್ಲಿ ಥರ್ಮಲ್ ರೋಲ್ ಅಂತ ಕೇಳಿ. ಅಗಲ ಸಾಮಾನ್ಯವಾಗಿ 57 ಮಿಲಿಮೀಟರ್. ರೋಲಿನ ದಪ್ಪ ಮಾತ್ರ ಮೆಷಿನ್ ಮೇಲೆ ಹೋಗುತ್ತದೆ, ಖಾಲಿಯಾದ ಒಂದು ಸುರುಳಿ ಜೊತೆಗೆ ಪೂರ್ತಿ ಇರುವ ಒಂದನ್ನು ತಗೊಂಡು ಹೋಗಿ ತೋರಿಸಿ. ಹತ್ತರ ಕಟ್ಟು ತಗೊಳ್ಳಿ, ಇಪ್ಪತ್ತು ಬೇಡ. ತುಂಬ ಬಿಸಿಯಾಗುವ ಜಾಗದಲ್ಲಿಟ್ಟರೆ ಬಳಸುವ ಮುಂಚೆಯೇ ಹಾಳಾಗಬಹುದು.